ರಾತ್ರಿ ಮೂರ್ನಾಲ್ಕು ಸಲ ಎದ್ದೇಳ್ತೀರಾ? ‘ವಯಸ್ಸಾಯ್ತು’ ಅಂತ ಸುಮ್ಮನಿರಬೇಡಿ

ಸಂತೆ ದಿನ ಅಂಗಡಿ ತುಂಬಾ ಗಿರಾಕಿಗಳು. ಗಲ್ಲಾ ಬಿಟ್ಟು ಏಳುವ ಹಾಗಿಲ್ಲ, ಹತ್ತಿರದಲ್ಲಿ ಶೌಚಾಲಯವೂ ಇಲ್ಲ. ಹಾಗಾಗಿ ಯಜಮಾನರು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾರೆ. ದೂರದ ಊರಿಗೆ ಬಸ್ ಹತ್ತೋಕೂ ಹಿಂಜರಿಕೆ. ರಾತ್ರಿಯಾದರೆ ಮೂರ್ನಾಲ್ಕು ಸಲ ಎದ್ದು ಹೋಗ್ತಾರೆ. ಇದು ಮೊದಲು ಗೊತ್ತಾಗುವುದು ಡಾಕ್ಟರಿಗಲ್ಲ, ಪಕ್ಕದಲ್ಲಿ ಮಲಗಿರುವ ಹೆಂಡತಿಗೆ. ಅವರ ನಿದ್ದೆಯೂ ಕೆಡುತ್ತೆ. ಕೇಳಿದರೆ ಬರುವ ಉತ್ತರ ಒಂದೇ: ‘ವಯಸ್ಸಾಯ್ತಲ್ಲ, ಬಿಡು.’

ವಯಸ್ಸಾಗಿದೆ ನಿಜ. ಆದರೆ ಇದಕ್ಕೆ ಚಿಕಿತ್ಸೆಯೂ ಇದೆ. ಬಿಟ್ಟರೆ ಕಿಡ್ನಿಗೆ ಪೆಟ್ಟು ಬೀಳಬಹುದು.

ಏನಿದು ಪ್ರಾಸ್ಟೇಟ್?

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಇರುವ ಗ್ರಂಥಿ ಇದು. ಗಂಡಸರಿಗೆ ಮಾತ್ರ ಇರುತ್ತದೆ. ವೀರ್ಯದ ದ್ರವದ ಒಂದು ಭಾಗ ತಯಾರಾಗುವುದು ಇಲ್ಲೇ. ಹರೆಯದಲ್ಲಿ ಅಖ್ರೋಟಿನಷ್ಟು ಗಾತ್ರ, ಸುಮಾರು 20 ಗ್ರಾಂ ತೂಕ. ವಯಸ್ಸಾದಂತೆ ಬೆಳೆಯುತ್ತಾ ಹೋಗುತ್ತದೆ. 60ರ ಆಸುಪಾಸಿನಲ್ಲಿ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಕಾಣುತ್ತದೆ. ಪೈಪಿನ ಸುತ್ತ ಬಿಗಿದ ಹಾಗಾಗಿ ಮೂತ್ರದ ದಾರಿ ಕಿರಿದಾಗುತ್ತದೆ.

ಆಗ ಮೂತ್ರ ಶುರುವಾಗಲು ಕಾಯಬೇಕಾಗುತ್ತದೆ. ಧಾರೆ ಸಣ್ಣದಾಗುತ್ತದೆ, ನಿಂತು ನಿಂತು ಬರುತ್ತದೆ. ಮುಗಿದ ಮೇಲೂ ಹನಿ ಹನಿ ಬೀಳುತ್ತದೆ, ಇನ್ನೂ ಉಳಿದಿದೆ ಅನ್ನಿಸುತ್ತದೆ. ಅವಸರ ಬಂದರೆ ತಡೆಯೋಕೆ ಆಗಲ್ಲ.

ಆದರೆ ರಾತ್ರಿ ಏಳುವುದಕ್ಕೆಲ್ಲ ಪ್ರಾಸ್ಟೇಟೇ ಕಾರಣ ಅಲ್ಲ. ಶುಗರ್ ಇದ್ದರೂ, ಸಂಜೆ ಹೊತ್ತು ಬಿಪಿಯ ನೀರಿನ ಮಾತ್ರೆ ತಗೊಂಡರೂ, ರಾತ್ರಿ ಕಾಫಿ ಟೀ ಕುಡಿದರೂ ಹೀಗಾಗುತ್ತದೆ. ಮೂರು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಹೋದಿರಿ, ಹೆಚ್ಚು ಬಂತೋ ಸ್ವಲ್ಪವೇ ಬಂತೋ. ಅಂಗಡಿ ಲೆಕ್ಕದ ಹಾಗೆ ಈ ಲೆಕ್ಕ ಡಾಕ್ಟರಿಗೆ ಬಹಳ ಉಪಯೋಗ.

ಕ್ಯಾನ್ಸರ್ ಅಂತ ಹೆದರಬೇಕಾ?

ಹೆಚ್ಚಿನವರಲ್ಲಿ ಇದು ಸಾಮಾನ್ಯ ಊತ, ಕ್ಯಾನ್ಸರ್ ಅಲ್ಲ. ಈ ಊತವೇ ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಆದರೆ ಎರಡೂ ಒಬ್ಬರಲ್ಲೇ ಇರಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಅದಕ್ಕೇ ತಪಾಸಣೆ ಬೇಕು.

ಡಾಕ್ಟರ್ ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿ ಮುಟ್ಟಿ ನೋಡುತ್ತಾರೆ. ಒಂದು ನಿಮಿಷವೂ ಹಿಡಿಯದ ಪರೀಕ್ಷೆ, ನಾಚಿಕೆ ಬೇಡ. ಜೊತೆಗೆ ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್, ಪಿಎಸ್‌ಎ ಎಂಬ ರಕ್ತ ಪರೀಕ್ಷೆ. ಪಿಎಸ್‌ಎ ಹೆಚ್ಚಿದ್ದರೆ ಕ್ಯಾನ್ಸರೇ ಅಂತಲ್ಲ. ಊತ, ಸೋಂಕು ಇದ್ದರೂ ಏರುತ್ತದೆ. ತಂದೆಗೋ ಅಣ್ಣತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದರೆ 45ರ ಸುಮಾರಿಗೇ ಡಾಕ್ಟರ ಹತ್ತಿರ ಮಾತಾಡಿ.

ಶೀತದ ಮಾತ್ರೆ ಬಗ್ಗೆ ಎಚ್ಚರ

ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಕೆಲವು ನೆಗಡಿ ಮಾತ್ರೆಗಳು ಮೂತ್ರಕೋಶದ ಶಕ್ತಿ ಕುಗ್ಗಿಸಿ, ದಾರಿಯನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಮೊದಲೇ ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಮಾತ್ರೆ ಕೊಡುವವರಿಗೆ ‘ನನಗೆ ಪ್ರಾಸ್ಟೇಟ್ ಇದೆ’ ಅಂತ ಮೊದಲೇ ಹೇಳಿ.

ಮೂತ್ರ ಕಟ್ಟಿ ಹೊಟ್ಟೆ ಕೆಳಗೆ ನೋವು ಬಂದರೆ ಬಾರ್ಲಿ ನೀರು, ಎಳನೀರು ಕುಡಿಸುತ್ತಾ ಕೂರಬೇಡಿ. ದಾರಿ ಮುಚ್ಚಿದಾಗ ನೀರು ತುಂಬಿಸಿದರೆ ನೋವು ಹೆಚ್ಚುತ್ತದೆ ಅಷ್ಟೇ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟ್ಯೂಬ್ ಹಾಕಿದರೆ ಕೆಲವೇ ನಿಮಿಷದಲ್ಲಿ ಆರಾಮ ಸಿಗುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೂ ತಡ ಮಾಡಬೇಡಿ.

ಇನ್ನೊಂದು ಮಾತು. ವಯಸ್ಸಾದವರು ಹಾಸಿಗೆಯಲ್ಲೇ ಮೂತ್ರ ಮಾಡಿಕೊಂಡರೆ ಮನೆಯವರು ಬೈಯುವುದುಂಟು. ಎಷ್ಟೋ ಸಲ ಅದು ತುಂಬಿದ ಮೂತ್ರಕೋಶ ಉಕ್ಕಿ ಹೊರಬರುವುದು. ನೋವಿಲ್ಲದೆಯೇ ಕಿಡ್ನಿ ಹಾಳಾಗುವುದು ಹೀಗೇ.

ಮಾತ್ರೆ, ಆಪರೇಷನ್

ಟ್ಯಾಮ್ಸುಲೋಸಿನ್ ತರಹದ ಮಾತ್ರೆ ಕೆಲವೇ ದಿನದಲ್ಲಿ ಧಾರೆ ಸುಧಾರಿಸುತ್ತದೆ. ಆದರೆ ಥಟ್ಟನೆ ಎದ್ದರೆ ತಲೆ ಸುತ್ತಬಹುದು. ರಾತ್ರಿ ಒಂದು ಸಣ್ಣ ದೀಪ ಉರಿಯಲಿ, ಹಾಸಿಗೆಯ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಿ. ಕಣ್ಣಿನ ಪೊರೆ ಆಪರೇಷನ್‌ಗೆ ಹೋಗುವವರು ಈ ಮಾತ್ರೆ ತಗೊಳ್ಳುತ್ತಿದ್ದರೆ, ಹಿಂದೆ ತಗೊಂಡಿದ್ದರೂ ಸರಿ, ಕಣ್ಣಿನ ಡಾಕ್ಟರಿಗೆ ತಪ್ಪದೆ ತಿಳಿಸಬೇಕು.

ಫಿನಾಸ್ಟರೈಡ್, ಡ್ಯೂಟಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತವೆ. ಪರಿಣಾಮಕ್ಕೆ ಆರು ತಿಂಗಳವರೆಗೂ ಬೇಕು, ಹದಿನೈದು ದಿನಕ್ಕೆ ‘ಕೆಲಸ ಮಾಡ್ತಿಲ್ಲ’ ಅಂತ ಬಿಡಬೇಡಿ. ಇವು ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ, ಹಾಗಾಗಿ ಪರೀಕ್ಷೆ ಮಾಡಿಸುವಾಗ ಹೇಳಿ. ಮನೆಯಲ್ಲಿ ಮಗಳೋ ಸೊಸೆಯೋ ಗರ್ಭಿಣಿಯಾಗಿದ್ದರೆ, ಪುಡಿಯಾದ ಮಾತ್ರೆ, ಒಡೆದ ಕ್ಯಾಪ್ಸೂಲ್ ಅವರು ಮುಟ್ಟಬಾರದು.

ಮಾತ್ರೆಗೆ ಬಗ್ಗದಿದ್ದರೆ ಮೂತ್ರನಾಳದ ಒಳಗಿಂದಲೇ ಉಪಕರಣ ಹಾಯಿಸಿ ಅಡ್ಡಿಯಾದ ಭಾಗ ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಖರ್ಚಿನ ಚಿಂತೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿಕೊಳ್ಳಿ.

ಗಂಡ ಹೆಂಡತಿ ಮಾತಾಡಲೇಬೇಕಾದ ವಿಷಯ

ಆಪರೇಷನ್ ಆದರೆ ಗಂಡಸುತನ ಹೋಗುತ್ತೆ ಅಂತ ಹೆದರಿ ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಸಾಮಾನ್ಯ ಊತದ ಆಪರೇಷನ್ ನಂತರ ಹೆಚ್ಚಿನವರಲ್ಲಿ ನಿಮಿರುವಿಕೆ ಮೊದಲಿನಂತೆಯೇ ಇರುತ್ತದೆ. ಆದರೆ ವೀರ್ಯ ಹೊರಬರದೆ ಮೂತ್ರಕೋಶಕ್ಕೆ ಹೋಗುವುದು ಸಾಮಾನ್ಯ. ಅಪಾಯವಿಲ್ಲ, ಮೂತ್ರದ ಜೊತೆ ಹೋಗುತ್ತದೆ. ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು, ಆಸಕ್ತಿ ಕಡಿಮೆಯಾಗಬಹುದು. ಇದು ಮೊದಲೇ ಗೊತ್ತಿಲ್ಲದಿದ್ದರೆ ಗಂಡ ಸಂಕೋಚದಿಂದ ದೂರ ಸರಿಯುತ್ತಾನೆ, ಹೆಂಡತಿ ತನ್ನ ಮೇಲೇ ಬೇಸರ ಅಂದುಕೊಳ್ಳುತ್ತಾಳೆ. ಡಾಕ್ಟರ ಹತ್ತಿರ ಇಬ್ಬರೂ ಸೇರಿ ಹೋದರೆ ಈ ಗೊಂದಲ ಇರುವುದಿಲ್ಲ. ಪ್ರಾಸ್ಟೇಟ್ ಊತ ಅಂಟುರೋಗವೂ ಅಲ್ಲ.

ಮನೆಯಲ್ಲಿ ಹೀಗೆ ಮಾಡಿ: ಹಗಲು ನೀರು ಸರಿಯಾಗಿ ಕುಡಿಯಿರಿ, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿ. ಗಿರಾಕಿ ಇದ್ದಾರೆ ಅಂತ ತಡೆದುಕೊಂಡು ಕೂರಬೇಡಿ, ಪಕ್ಕದ ಅಂಗಡಿಯವರಿಗೆ ಐದು ನಿಮಿಷ ನೋಡಿಕೊಳ್ಳಲು ಹೇಳಿ. ಮಲಬದ್ಧತೆ ಆಗದಂತೆ ಸೊಪ್ಪು, ತರಕಾರಿ ತಿನ್ನಿ. ಬರೆದಿಟ್ಟ ಚೀಟಿ, ಈಗ ತಗೊಳ್ಳುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ಹಿಡಿದು ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬನ್ನಿ. ಯಜಮಾನರು ಒಲ್ಲೆ ಅಂದರೆ, ಅಮ್ಮಾ, ನೀವೇ ಕರೆದುಕೊಂಡು ಹೋಗಿ.