ಬಳ್ಳಿಗೆ ವಯಸ್ಸಾಗಲು ಬಿಟ್ಟವರು

ಆಂಧ್ರದ ಕಲ್ಯಾಣದುರ್ಗದ ಸುತ್ತ ಕಾಣುವುದು ಕಡಲೆಕಾಯಿ ಹೊಲ, ಬಂಡೆಗುಡ್ಡ, ಕೆಂಪು ನೆಲ. ಮಡಕಶಿರಾ, ಹಿಂದೂಪುರ ದಾಟಿ ಗೌರಿಬಿದನೂರಿಗೆ ಬಂದರೆ ರಾಜ್ಯ ಬದಲಾಗುತ್ತದೆ, ಮಣ್ಣು ಬದಲಾಗುವುದಿಲ್ಲ. ಅದೇ ಮಣ್ಣು ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ದ್ರಾಕ್ಷಿಯ ನೆಲವಾಗಿದೆ. ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ, 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಮುಖ ಮಾಡಿ ನಿಂತಿದೆ ಗ್ರೋವರ್ ವೈನರಿ. ಫ್ರೆಂಚ್ ತಳಿಯ ದ್ರಾಕ್ಷಿಯಿಂದ ಒಳ್ಳೆಯ ಕೆಂಪು ವೈನ್ ಮಾಡಬಹುದೆಂದು ಈ ದೇಶದಲ್ಲಿ ಮೊದಮೊದಲು ನಂಬಿದವರಲ್ಲಿ ಈ ಮನೆಯವರೂ ಸೇರಿದ್ದಾರೆ.

ಕನ್ವಲ್ ಗ್ರೋವರ್ ರೈತರಲ್ಲ, ವ್ಯಾಪಾರಿ. ಯಂತ್ರೋಪಕರಣಗಳ ವ್ಯವಹಾರಕ್ಕೆ ಫ್ರಾನ್ಸಿಗೆ ಹೋಗಿಬರುತ್ತಿದ್ದವರಿಗೆ ಅಲ್ಲಿನ ವೈನ್ ರುಚಿ ಹತ್ತಿತು. ಇದನ್ನು ನಮ್ಮಲ್ಲೇ ಏಕೆ ಬೆಳೆಯಬಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಶಾಂಪೇನ್ ಪ್ರಾಂತ್ಯದ ಪರಿಣತ ಜಾರ್ಜ್ ವೆಸೆಲ್ ಅವರನ್ನು ಕರೆತಂದರು. ಹತ್ತಾರು ತಳಿಗಳನ್ನು ನೆಟ್ಟು, ನೋಡಿ, ಒಗ್ಗದವನ್ನು ಕೈಬಿಟ್ಟು, ಉಳಿದವನ್ನು ಬೆಳೆಸಿದರು. 1988ರಲ್ಲಿ ಕಂಪನಿ ಹುಟ್ಟಿತು. ಮಾರುಕಟ್ಟೆಗೆ ಮೊದಲ ವೈನ್ ಬಂದದ್ದು 1992ರಲ್ಲಿ. ಮಗ ಕಪಿಲ್ ಕೈಜೋಡಿಸಿದರು. ಮೊಮ್ಮಗಳು ಕರಿಷ್ಮಾ ಕ್ಯಾಲಿಫೋರ್ನಿಯಾದಲ್ಲಿ ವೈನ್ ತಯಾರಿಕೆ ಓದಿ ಬಂದರು. 1990ರ ದಶಕದ ಮಧ್ಯದಲ್ಲಿ ಬೋರ್ಡೊದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾನ್ ಜೊತೆಯಾದರು. ಅವರ ಮಾರ್ಗದರ್ಶನದಲ್ಲಿ ರೂಪುಗೊಂಡದ್ದೇ ‘ಲಾ ರಿಸರ್ವ್’ ಎಂಬ ಕೆಂಪು ವೈನ್. 2012ರಲ್ಲಿ ನಾಸಿಕ್ ಕಡೆಯ ಒಂದು ಕಂಪನಿಯೊಂದಿಗೆ ವಿಲೀನವಾಗಿ ಹೆಸರು ಗ್ರೋವರ್ ಜಂಪಾ ಆಯಿತು. ಹೊರಗಿನ ಬಂಡವಾಳವೂ ಬಂತು. ಹಾಗಾಗಿ ಇದು ಇಂದು ಬರೀ ಒಂದು ಮನೆಯ ಸ್ವತ್ತಲ್ಲ. ಒಂದು ಮನೆತನ ನೆಟ್ಟು ಬೆಳೆಸಿದ ತೋಟ.

ಈ ಸೀಮೆಗೆ ದ್ರಾಕ್ಷಿ ಹೊಸದೇನಲ್ಲ. ‘ಬೆಂಗಳೂರು ನೀಲಿ’ ದ್ರಾಕ್ಷಿ ಒಂದು ಶತಮಾನಕ್ಕೂ ಮಿಕ್ಕಿ ಇಲ್ಲಿನ ಚಪ್ಪರಗಳಲ್ಲಿ ತೂಗಿದೆ; 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಗಟ್ಟಿ ಸಿಪ್ಪೆ, ಜಾರುವ ತಿರುಳು, ಮೂಗಿಗೆ ರಾಚುವ ಘಮ. ಜ್ಯೂಸಿಗೆ, ಜಾಮಿಗೆ, ಸಿಹಿಯಾದ ಪೋರ್ಟ್ ಬಗೆಯ ವೈನಿಗೆ ಅದು ಸರಿ. ಸಿಹಿಯಿಲ್ಲದ, ಊಟದ ಜೊತೆ ಕುಡಿಯುವ ಕೆಂಪು ವೈನಿಗೆ ಬೇಕಾದದ್ದು ಬೇರೆ: ಒಗರು ಕೊಡುವ ಕ್ಯಾಬರ್ನೆ ಸೋವಿನ್ಯೋನ್, ಕರಿಮೆಣಸಿನ ಖಾರದ ಸುಳಿವು ಕೊಡುವ ಶಿರಾಜ್. ಲಾ ರಿಸರ್ವ್ ಈ ಎರಡರ ಬೆರಕೆ.

ಫ್ರಾನ್ಸಿನಲ್ಲಿ ಚಳಿ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ಆ ವಿರಾಮವೇ ಇಲ್ಲ. ಕತ್ತರಿಯಿಂದಲೇ ಅದರ ಪಂಚಾಂಗ ಬರೆಯಬೇಕು. ವಿಜಯಪುರದ ಬೆಳೆಗಾರರು ಚಾಟ್ನಿ ಎನ್ನುವ ಈ ಕೆಲಸ ವರ್ಷಕ್ಕೆ ಎರಡು ಬಾರಿ. ಬೇಸಿಗೆಯದು ರೆಂಬೆ ಕಟ್ಟಲು, ಮಳೆ ಹಿಂದೆಗೆಯುವ ಹೊತ್ತಿನದು ಹಣ್ಣು ಹಿಡಿಯಲು. ಹಣ್ಣು ಡಿಸೆಂಬರ್–ಜನವರಿಯ ತಂಪು ರಾತ್ರಿಗಳನ್ನು ಕಂಡು ಫೆಬ್ರುವರಿಯ ನಂತರ ಕೊಯ್ಲಿಗೆ ಬರುತ್ತದೆ. ಬಿಸಿಲೇರುವ ಮೊದಲೇ ಕೊಯ್ದು ತೊಟ್ಟು ಬಿಡಿಸಿ ಹಿಸುಕುತ್ತಾರೆ. ಕೆಂಪು ದ್ರಾಕ್ಷಿಯ ರಸಕ್ಕೂ ಬಣ್ಣ ಕಡಿಮೆ. ಬಣ್ಣ, ಒಗರು ಇರುವುದು ಸಿಪ್ಪೆಯಲ್ಲಿ. ಅದಕ್ಕೇ ಸಿಪ್ಪೆಯ ಸಮೇತ ಹುಳಿಯಲು ಬಿಡುತ್ತಾರೆ. ತೇಲಿಬರುವ ಸಿಪ್ಪೆಯ ಪದರದ ಮೇಲೆ ಅಡಿಯ ರಸವನ್ನು ಮತ್ತೆಮತ್ತೆ ಹಾಯಿಸುತ್ತಾರೆ. ಬಳಿಕ ಹಿಂಡಿ, ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕು.

ಇನ್ನು ವಯಸ್ಸಿನ ಮಾತು. ನಾಟಿಯಾದ ಮೂರನೆಯ ವರ್ಷಕ್ಕೆ ಬಳ್ಳಿ ಫಸಲಿಗೆ ಬರುತ್ತದೆ. ಎರಡು ದಶಕ ದಾಟಿದಂತೆ ಗೊಂಚಲು ಕಡಿಮೆಯಾಗುತ್ತವೆ. ಆದರೆ ಬೇರು ಆಳಕ್ಕಿಳಿದಿರುತ್ತದೆ, ಕಾಂಡ ದಪ್ಪಗಾಗಿ ಆಹಾರ ಕೂಡಿಟ್ಟಿರುತ್ತದೆ. ನಮ್ಮ ಹಳೆಯ ಹುಣಸೆಮರದ ಹಾಗೆ ಒಂದು ವರ್ಷದ ಬರಕ್ಕೆ ಅದು ಬೆದರುವುದಿಲ್ಲ. ಕಡಿಮೆ ಹಣ್ಣಿನಲ್ಲಿ ರುಚಿ ಹೆಚ್ಚು ಸಾಂದ್ರವಾಗುತ್ತದೆ ಎಂಬುದು ವೈನ್ ಮಾಡುವವರ ನಂಬಿಕೆ. ವಿಜ್ಞಾನಿಗಳಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಇದು ವಯಸ್ಸಿನ ಗುಣವೋ, ಕಡಿಮೆ ಇಳುವರಿಯ ಗುಣವೋ ಎಂದು ಬೇರ್ಪಡಿಸುವುದು ಕಷ್ಟ. ಚಳಿಗಾಲದ ನಿದ್ದೆಯಿಲ್ಲದೆ ವರ್ಷಕ್ಕೆ ಎರಡು ಬಾರಿ ಕತ್ತರಿ ಕಾಣುವ ನಮ್ಮ ಬಳ್ಳಿ ಯುರೋಪಿನದಕ್ಕಿಂತ ಬೇಗ ದಣಿಯುತ್ತದೆ. ತಿನ್ನುವ ದ್ರಾಕ್ಷಿ ಬೆಳೆಯುವವರು ಇಳುವರಿ ಇಳಿದೊಡನೆ ಬಳ್ಳಿ ಕಿತ್ತು ಹೊಸದು ನೆಡುತ್ತಾರೆ. ಕಿಲೋ ಲೆಕ್ಕದಲ್ಲಿ ಮಾರುವವರಿಗೆ ಅದೇ ವಿವೇಕ. ಹಳೆಯ ಬಳ್ಳಿ ಉಳಿಯಬೇಕಾದರೆ ಕಿಲೋ ಲೆಕ್ಕ ಬಿಟ್ಟು ಬಾಟಲಿ ಲೆಕ್ಕ ಹಾಕುವ ಒಡೆಯ ಬೇಕು. ಕುಟುಂಬದ ತೋಟಗಳಿಗೆ ವೈನ್ ಲೋಕದಲ್ಲಿ ಬೆಲೆ ಇರುವುದು ಇದಕ್ಕೇ: ಅಜ್ಜ ನೆಟ್ಟದ್ದನ್ನು ಮೊಮ್ಮಗಳ ಕಾಲಕ್ಕೆ ಕೀಳದೆ ಬಿಡುವ ನಿರ್ಧಾರ ಮನೆಯೊಳಗೆ ಸುಲಭ.

ಆದರೆ ಬಳ್ಳಿಯನ್ನು ಕೀಳಿಸುವುದು ಇಳುವರಿಯೊಂದೇ ಅಲ್ಲ, ನೆಲದ ಬೆಲೆ ಕೂಡ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲ ಎಕರೆಯ ಧಾರಣೆ ಯಾವ ಹಣ್ಣೂ ಗಳಿಸಿಕೊಡಲಾರದ ಮಟ್ಟಕ್ಕೆ ಏರಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಪ್ರಸ್ತಾವ ಕೈಬಿಟ್ಟಿತು. ಹೂ, ತರಕಾರಿಯ ಜೊತೆ ದ್ರಾಕ್ಷಿಯೂ ಬೆಳೆಯುವ ನೆಲ ಅದು. ಇತ್ತ ಕೊಪ್ಪಳ ಜಿಲ್ಲೆಯ ಹಂಪಿ ಬೆಟ್ಟ ಸೀಮೆಯಲ್ಲಿ ಹೈದರಾಬಾದಿನ ಉದ್ಯಮಿ ದಂಪತಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ‘ಕೃಷ್ಮಾ’ ಹೆಸರಿನ ತೋಟ ಕಟ್ಟಿ ಕ್ಯಾಬರ್ನೆ ಬೆಳೆಯುತ್ತಿದ್ದಾರೆ. ಪೇಟೆಯ ಒತ್ತಡದಿಂದ ದೂರವಿರುವ ಆ ಬಂಡೆಸೀಮೆಯಲ್ಲಿ ಬಳ್ಳಿಗೆ ಮುಪ್ಪು ಕಾಣುವ ಅವಕಾಶ ಹೆಚ್ಚು.

ಕುಡಿಯುವವರಿಗೆ ಒಂದು ಉಪಯುಕ್ತ ಮಾತು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುವ ಮಾತು ಯುರೋಪಿನ ತಂಪು ಕೋಣೆಗೆ ಸೇರಿದ್ದು. ನಮ್ಮ ಮೂವತ್ತು ಡಿಗ್ರಿಯಲ್ಲಿ ಮದ್ಯಸಾರದ ಘಾಟೇ ಮುಂದಾಗುತ್ತದೆ. ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ತಂದರೆ ಹಣ್ಣಿನ ರುಚಿ ಬಿಚ್ಚಿಕೊಳ್ಳುತ್ತದೆ.

‘ಹಳೆಯ ಬಳ್ಳಿ’ ಎಂಬ ಲೇಬಲ್ಲಿಗೆ ಬಹುತೇಕ ದೇಶಗಳಲ್ಲಿ ಕಾನೂನಿನ ಅರ್ಥವಿಲ್ಲ. ಆಸ್ಟ್ರೇಲಿಯಾದ ಬರೋಸಾ ಕಣಿವೆಯವರು 2009ರಲ್ಲಿ ತಾವೇ ಒಂದು ಸನ್ನದು ಮಾಡಿಕೊಂಡರು: 35 ವರ್ಷ ದಾಟಿದರೆ ‘ಹಳೆಯ’, 70ಕ್ಕೆ, 100ಕ್ಕೆ, 125ಕ್ಕೆ ಬೇರೆಬೇರೆ ಹೆಸರು. 2007ರ ದ್ರಾಕ್ಷಾರಸ ನೀತಿಯಿಂದ ಕರ್ನಾಟಕದಲ್ಲಿ ವೈನಿಗೇ ಮೀಸಲಾದ ಮಂಡಳಿಯಿದೆ. ಅದು ಮೇಳ ನಡೆಸುತ್ತದೆ, ಬೆಳೆಗಾರರಿಗೆ ದಾರಿ ತೋರಿಸುತ್ತದೆ. ಪ್ರತಿ ತೋಟದ ನಾಟಿ ವರ್ಷವನ್ನು ದಾಖಲಿಸಿ ಬಾಟಲಿಯ ಮೇಲೆ ಮುದ್ರಿಸುವ ಪದ್ಧತಿಯನ್ನೂ ಅದು ತರಬಹುದು. ವಯಸ್ಸಿಗೆ ಬೆಲೆ ಕಟ್ಟುವ ಗಿರಾಕಿ ಸಿಕ್ಕರೆ ಬಳ್ಳಿ ಕೀಳದಿರಲು ರೈತನಿಗೂ ಒಂದು ಲೆಕ್ಕ ಸಿಗುತ್ತದೆ.