ಯಾಖಿಮೊವಿನ ಕರಿಯ ಕಲ್ಲು

ಡಾಲರಿಗೆ ಆ ಹೆಸರು ಬಂದುದು ಯೂರೋಪಿನ ಒಂದು ಮಲೆಯೂರಿನಿಂದ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಚೆಕ್ ಗಣರಾಜ್ಯದ ವಾಯವ್ಯದಲ್ಲಿ, ಜರ್ಮನಿಯ ಗಡಿಗೆ ಅಂಟಿಕೊಂಡ ಪರ್ವತಶ್ರೇಣಿಯಲ್ಲಿ ಯಾಖಿಮೊವ್ ಎಂಬ ಪಟ್ಟಣವುಂಟು. ಜರ್ಮನರು ಅದನ್ನು ಯೋಆಖಿಮ್ಸ್‌ತಾಲ್ ಎಂದು ಕರೆದರು; ‘ತಾಲ್’ ಎಂದರೆ ಕಣಿವೆ. ಬೆಳ್ಳಿಯ ಆಸೆಯಿಂದ 1516ರಲ್ಲಿ ಹುಟ್ಟಿದ ಈ ಊರಿನಲ್ಲಿ 1520ರ ವೇಳೆಗೆ ಟಂಕಿಸತೊಡಗಿದ ನಾಣ್ಯವೇ ‘ತಾಲರ್’. ಅದು ಬಾಯಿಂದ ಬಾಯಿಗೆ ಸವೆದು ಡಾಲರ್ ಆಯಿತು. ಹಳೆಯ ಟಂಕಸಾಲೆಯ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ.

ಆದರೆ ಪ್ರವಾಸಿಯು ಬೆಳ್ಳಿಯ ವೈಭವವನ್ನಷ್ಟೇ ನೋಡಿ ಹಿಂದಿರುಗಬಾರದು. ಬೆಳ್ಳಿಯೊಡನೆ ಇಲ್ಲಿ ತೂಕವಾದ ಕರಿಯ ಕಲ್ಲೊಂದು ದೊರೆಯುತ್ತಿತ್ತು. ಅದರಿಂದ ಬೆಳ್ಳಿ ಬಾರದ ಕಾರಣ ಗಣಿಗಾರರು ಅದನ್ನು ಹೊರಗೆಸೆದರು. ಅದೇ ಪಿಚ್‌ಬ್ಲೆಂಡ್, ಯುರೇನಿಯಮಿನ ಅದಿರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಜಿಗೆ ಹಳದಿ, ಹಸುರು ಬಣ್ಣ ಕೊಡಲು ಯುರೇನಿಯಂ ಬೇಕಾಯಿತು. ಅದನ್ನು ತೆಗೆದುಕೊಂಡು ಉಳಿದ ಚರಟವನ್ನು ಮತ್ತೆ ಬಿಸುಟರು. ಪಿಚ್‌ಬ್ಲೆಂಡ್ ತನ್ನಲ್ಲಿರುವ ಯುರೇನಿಯಮಿಗೆ ತಕ್ಕುದಕ್ಕಿಂತ ಬಹಳ ಹೆಚ್ಚು ವಿಕಿರಣವನ್ನು ಸೂಸುತ್ತದೆಂಬುದನ್ನು ಮೇರಿ ಕ್ಯೂರಿ ಕಂಡರು. ಹಾಗಾದರೆ ಅದರೊಳಗೆ ಬೇರಾವುದೋ ಮೂಲಧಾತು ಅಡಗಿರಬೇಕಲ್ಲವೆ? 1898ರಲ್ಲಿ ಆಕೆಯೂ ಪತಿ ಪಿಯರಿಯೂ ಪೊಲೋನಿಯಂ, ರೇಡಿಯಂ ಎಂಬೆರಡು ಧಾತುಗಳ ಇರವನ್ನು ಸಾರಿದರು. ಬಳಿಕ ಈ ಊರಿನಿಂದ ಟನ್ನುಗಟ್ಟಲೆ ಚರಟವನ್ನು ತರಿಸಿ, ಕುದಿಸಿ, ಸೋಸಿ, 1902ರಲ್ಲಿ ಅವರು ಪಡೆದ ರೇಡಿಯಂ ಲವಣ ಸುಮಾರು 0.1 ಗ್ರಾಂ ಮಾತ್ರ!

ಕಸದಲ್ಲಿ ರತ್ನವಿದ್ದಂತೆ ವಿಷವೂ ಇದ್ದಿತು. ರೇಡಿಯಂ ಕ್ಷಯಿಸುವಾಗ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಸುರಂಗಗಳಲ್ಲಿ ಅದು ಶೇಖರವಾಗುತ್ತದೆ. ಅದರಿಂದ ಹುಟ್ಟುವ ಕಣಗಳು ಶ್ವಾಸಕೋಶದಲ್ಲಿ ನೆಲಸಿ ಕಾಲಕ್ರಮದಲ್ಲಿ ಏಡಿಗಂತಿಯನ್ನುಂಟುಮಾಡುತ್ತವೆ. 1527ರಲ್ಲಿ ಈ ಊರಿಗೆ ವೈದ್ಯನಾಗಿ ಬಂದ ಅಗ್ರಿಕೋಲನು ಗಣಿಗಾರರ ಎದೆರೋಗವನ್ನು ಬಲ್ಲವನಾಗಿದ್ದನು. 1556ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಸುರಂಗಕ್ಕೆ ತಿದಿಗಳಿಂದ ಗಾಳಿಯೂಡುವ ಯಂತ್ರಗಳ ವಿವರವಿದೆ. ಧೂಳೇ ಶತ್ರುವೆಂದು ಅವನು ಬಗೆದನು. ರೇಡಾನ್ ಅರಿವಿಗೆ ಬರಲು ಇನ್ನೂ ಮೂರು ಶತಮಾನಗಳಿಗೂ ಮಿಕ್ಕಿ ಕಾಲ ಬೇಕಾಗಿದ್ದಿತು.

ಅರಿವು ಬಂದ ಮೇಲೂ ಮನುಷ್ಯರನ್ನು ಆ ಗಾಳಿಗೆ ದೂಡಿದುದನ್ನು ಏನೆನ್ನೋಣ? ಎರಡನೆಯ ಮಹಾಯುದ್ಧದ ಅನಂತರ ಇಲ್ಲಿಯ ಯುರೇನಿಯಂ ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಅದನ್ನು ಅಗೆದವರಲ್ಲಿ ಸಹಸ್ರಾರು ಮಂದಿ ಸೆರೆಯಾಳುಗಳು. ರಾಜಕೀಯ ಕೈದಿಗಳೂ ಅವರಲ್ಲಿದ್ದರು. ಅವರ ಶಿಬಿರಗಳಿದ್ದ ಎಡೆಗಳನ್ನು ಹಾದು ಸಾಗುವ ಕಾಲುದಾರಿಗೆ ‘ಯಾಖಿಮೊವ್ ನರಕ’ವೆಂದೇ ಹೆಸರು. ‘ಒಂದನೆಯ ಸುರಂಗ’ವೆಂಬುದು ಪ್ರವಾಸಿಗಳ ವೀಕ್ಷಣೆಗೆ ತೆರೆದಿದೆ.

ಯುರೇನಿಯಂ ಗಣಿಗಾರಿಕೆ 1960ರ ದಶಕದಲ್ಲಿ ನಿಂತಿತು. ಆದರೂ ಸ್ವೊರ್ನೊಸ್ತ್ ಎಂಬ ಹಳೆಯ ಗಣಿ ಮಾತ್ರ ಬದುಕಿದೆ. ಅದರಿಂದ ಮೇಲೆತ್ತುವ ರೇಡಾನ್ ಬೆರೆತ ನೀರಿನಲ್ಲಿ ಕೀಲುನೋವಿನ ರೋಗಿಗಳು ವೈದ್ಯರ ಲೆಕ್ಕದಂತೆ ಕೆಲವೇ ನಿಮಿಷ ಮೀಯುತ್ತಾರೆ. ಗಣಿಗಾರನಾದರೋ ಅದೇ ಅನಿಲವನ್ನು ವರ್ಷಗಟ್ಟಲೆ ಉಸಿರಾಡುತ್ತಿದ್ದನು. ಗಡಿಯ ಎರಡೂ ಬದಿಯ ಈ ಗಣಿನಾಡು 2019ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.