ಕಟ್ಟು ಬಿಚ್ಚದ ಚಾರ್ಜಿಂಗ್ ಕೇಬಲ್ಲು

2024ರ ಮೇ ತಿಂಗಳ ಒಂದು ಶನಿವಾರ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿ ಹಳೆಯ ಕಾರು ಮಾರುವವರೊಬ್ಬರ ಅಂಗಳದಲ್ಲಿ ನಿಂತಿದ್ದೆವು. ನನ್ನ ಅಳಿಯ ಒಂದು ಕಾರಿನ ಡಿಕ್ಕಿ ತೆರೆದು ನೋಡುತ್ತಿದ್ದಾಗ ಮೂಲೆಯಲ್ಲಿ ಕಪ್ಪು ಚೀಲವೊಂದು ಸಿಕ್ಕಿತು. ಅದರೊಳಗೆ ಕಾರಿಗೆ ವಿದ್ಯುತ್ ತುಂಬಿಸುವ ಕೇಬಲ್ಲು ಇತ್ತು. ಕಾರ್ಖಾನೆಯಲ್ಲಿ ಸುರುಳಿ ಸುತ್ತಿ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಸಹ ಯಾರೂ ಬಿಚ್ಚಿರಲಿಲ್ಲ. ಕಾರಿಗೆ 4 ವರ್ಷ ವಯಸ್ಸು, ಓಡಿದ್ದು 41,000 ಮೈಲಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲೆಂದೇ ನಿರ್ಮಿಸಿದ ವಾಹನ ಅಷ್ಟು ದೂರವನ್ನು ಪೆಟ್ರೋಲ್ ಕುಡಿದೇ ಕ್ರಮಿಸಿತ್ತು.

‘ಹಾಗಾದರೆ ಮೊದಲಿನವರು ಇದನ್ನು ಏಕೆ ಕೊಂಡರು?’ ಎಂದು ಕೇಳಿದೆ. ಮಾರುವವರು ನಗುತ್ತಾ ಹಿಂಬದಿಯ ಬಂಪರಿಗೆ ಅಂಟಿಸಿದ್ದ ಕಿತ್ತಳೆ ಬಣ್ಣದ ಚೀಟಿಯನ್ನು ತೋರಿಸಿದರು. ಕ್ಯಾಲಿಫೋರ್ನಿಯಾದ ಹೆದ್ದಾರಿಗಳಲ್ಲಿ ಇಬ್ಬರು ಮೂವರು ಕೂಡಿ ಪ್ರಯಾಣಿಸುವ ಕಾರುಗಳಿಗೆಂದು ಪ್ರತ್ಯೇಕ ಪಥವಿದೆ. ಮಾಲಿನ್ಯ ಕಡಿಮೆ ಮಾಡುವ ಕಾರು ಕೊಂಡವರಿಗೆ, ಒಬ್ಬರೇ ಕುಳಿತಿದ್ದರೂ ಆ ಪಥದಲ್ಲಿ ಸಾಗಲು ಸರ್ಕಾರ ಈ ಚೀಟಿ ಕೊಡುತ್ತಿತ್ತು. ಕಿತ್ತಳೆ ಚೀಟಿಯ ಅವಧಿ 2024ರ ಜನವರಿ 1ಕ್ಕೆ ಮುಗಿದಿತ್ತು. ಬಹುಶಃ ಅದರೊಡನೆ ಮಾಲೀಕರಿಗೆ ಕಾರಿನ ಮೇಲಿದ್ದ ಮಮತೆಯೂ ಮುಗಿದಿರಬೇಕು.

ನಮ್ಮ ಓದುಗರಲ್ಲಿ ಅನೇಕರಿಗೆ ಈ ಬಗೆಯ ಕಾರಿನ ಪರಿಚಯವಿರಲಾರದು. ಸಾಮಾನ್ಯ ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೊಂದು ಚಿಕ್ಕ ಬ್ಯಾಟರಿ ಇರುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯಿಂದ ಮತ್ತು ಎಂಜಿನ್ನಿನಿಂದಲೇ ಅದು ತುಂಬಿಕೊಳ್ಳುತ್ತದೆ. ಪೂರ್ಣ ವಿದ್ಯುತ್ ಕಾರಿನಲ್ಲಿ ಎಂಜಿನ್ನೇ ಇರುವುದಿಲ್ಲ. ಪ್ಲಗ್-ಇನ್ ಹೈಬ್ರಿಡ್ ಇವೆರಡರ ನಡುವಿನದು. ಮನೆಯಲ್ಲಿ ತುಂಬಿಸಬಹುದಾದ ಮಧ್ಯಮ ಗಾತ್ರದ ಬ್ಯಾಟರಿ ಮೊದಲ 25 ಮೈಲಿ, ಎಂದರೆ ಸುಮಾರು 40 ಕಿಲೋಮೀಟರ್ ಓಡಿಸುತ್ತದೆ. ಅದು ಬರಿದಾದ ಮೇಲೆ ಪೆಟ್ರೋಲ್ ಎಂಜಿನ್ನು ತಾನಾಗಿ ಹೊಣೆ ಹೊರುತ್ತದೆ. ಚಾಲಕ ಪ್ಲಗ್ಗನ್ನು ಮರೆತರೂ ಕಾರು ನಿಲ್ಲುವುದಿಲ್ಲ. ಈ ಅನುಕೂಲವೇ ಅದರ ದೌರ್ಬಲ್ಯವೂ ಹೌದು.

ಹೊಸ ಕಾರು ಕೊಳ್ಳುವ ಸ್ಥಿತಿಯಲ್ಲಿ ಮಗಳ ಸಂಸಾರ ಇರಲಿಲ್ಲ. ಆ ವರ್ಷದ ಜನವರಿಯಲ್ಲಿ ಅಳಿಯನ ಕೆಲಸ ಹೋಗಿತ್ತು. ಗ್ರೀನ್ ಕಾರ್ಡ್ ಇದ್ದುದರಿಂದ ದೇಶ ಬಿಡಬೇಕಾದ ಭಯವಿರಲಿಲ್ಲ, ಅಷ್ಟೆ. ಒಂದೇ ಸಂಬಳ, ಮನೆ ಬಾಡಿಗೆ, ಎಂಟು ವರ್ಷದ ಮೊಮ್ಮಗಳು, ಆರು ತಿಂಗಳಿಗೆಂದು ಬಂದಿಳಿದ ನಾವಿಬ್ಬರು. ಇದ್ದ ಹಳೆಯ ಪೆಟ್ರೋಲ್ ಕಾರು ದುರಸ್ತಿಯ ಖರ್ಚಿಗೂ ಬೆಲೆಬಾಳದಷ್ಟು ಸವೆದಿತ್ತು. ಪೂರ್ಣ ವಿದ್ಯುತ್ ಕಾರನ್ನು ಕೊಳ್ಳಲು ಮಗಳು ಅಂಜಿದಳು. ಮನೆಗೆ ಇರುವುದು ಒಂದೇ ವಾಹನವಾದರೆ ಅದು ದಿನನಿತ್ಯದ ಕಚೇರಿಗೂ ಆಗಬೇಕು, ಲಾಸ್ ಏಂಜಲೀಸ್‌ನ ಬಂಧುಗಳ ಮನೆಗೂ ಆಗಬೇಕು.

2022ರಲ್ಲಿ ಅಮೆರಿಕದ ಸಂಸತ್ತು ಅಂಗೀಕರಿಸಿದ ಕಾನೂನು ಬಳಸಿದ ಕಾರುಗಳಿಗೂ ರಿಯಾಯಿತಿ ಕಲ್ಪಿಸಿತ್ತು. ಪ್ಲಗ್ ಇರುವ ಹಳೆಯ ಕಾರಿನ ಬೆಲೆ 25,000 ಡಾಲರ್ ಮೀರದಿದ್ದರೆ, ಬೆಲೆಯ ಶೇಕಡ 30 ಅಥವಾ 4,000 ಡಾಲರ್, ಯಾವುದು ಕಡಿಮೆಯೋ ಅಷ್ಟು ತೆರಿಗೆ ವಿನಾಯಿತಿ. ದಂಪತಿಗಳ ಒಟ್ಟು ಆದಾಯ 1,50,000 ಡಾಲರ್ ದಾಟಬಾರದು. 2024ರಿಂದ ಆ ಮೊತ್ತವನ್ನು ಅಂಗಡಿಯಲ್ಲೇ ಬೆಲೆಯಿಂದ ಕಳೆಯುವ ವ್ಯವಸ್ಥೆಯೂ ಬಂತು. ಎರಡು ಸಂಬಳವಿದ್ದಾಗ ದೊರೆಯದ ಸೌಲಭ್ಯ ಒಂದು ಸಂಬಳ ಹೋದ ಮೇಲೆ ದೊರೆಯಿತು. ಕಾರಿನ ಬೆಲೆ 22,500 ಡಾಲರ್. ವಿನಾಯಿತಿ ಕಳೆದು 18,500.

ಕೊಳ್ಳುವ ಮುನ್ನ ಅಳಿಯ ಒಂದು ಜಾಣತನ ಮಾಡಿದರು. ಕಾರನ್ನು ಅಲ್ಲೇ ಪೂರ್ತಿ ತುಂಬಿಸಲು ಹೇಳಿ, ಬ್ಯಾಟರಿ ಬರಿದಾಗುವವರೆಗೂ ಓಡಿಸಿ ನೋಡಿದರು. 23 ಮೈಲಿ ಬಂತು. ಬಳಸಿದ ಪ್ಲಗ್-ಇನ್ ಕಾರು ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬಣ್ಣ, ಆಸನ, ಸಂಗೀತದ ಯಂತ್ರಗಳೆಲ್ಲ ಆಮೇಲಿನ ಮಾತು. ಈ ವರ್ಗದ ಬಹುತೇಕ ಕಾರುಗಳ ಬ್ಯಾಟರಿಗೆ ಕ್ಯಾಲಿಫೋರ್ನಿಯಾದಲ್ಲಿ 10 ವರ್ಷ ಅಥವಾ 1,50,000 ಮೈಲಿಯ ಖಾತರಿ ಇರುವುದೂ ಧೈರ್ಯ ಕೊಟ್ಟಿತು.

ಮೊದಲ ತಿಂಗಳು ಮನೆಯಲ್ಲಿ ಹಬ್ಬದ ಉತ್ಸಾಹ. ಮಗಳು ಸಂಜೆ ಆರಕ್ಕೆ ಕಚೇರಿಯಿಂದ ಬಂದೊಡನೆ ಮೊಮ್ಮಗಳು ಗ್ಯಾರೇಜಿಗೆ ಓಡಿ ಕೇಬಲ್ಲು ಸಿಕ್ಕಿಸುತ್ತಿದ್ದಳು. ತಿಂಗಳ ಕೊನೆಗೆ ಬಂದ ವಿದ್ಯುತ್ ಬಿಲ್ಲು ಹಿಂದಿನದಕ್ಕಿಂತ ಸುಮಾರು 100 ಡಾಲರ್ ಹೆಚ್ಚಿತ್ತು. ಯಾರೂ ಮಾತನಾಡಲಿಲ್ಲ. ಊಟವಾದ ಮೇಲೆ ಬಿಲ್ಲನ್ನು ನನ್ನ ಕೋಣೆಗೆ ಒಯ್ದು, ಕಡತ ಪರಿಶೀಲಿಸುವ ಹಳೆಯ ಅಭ್ಯಾಸದಂತೆ ಕಾಗದ ಪೆನ್ಸಿಲು ಹಿಡಿದು ಕುಳಿತೆ.

ಅಲ್ಲಿ ವಿದ್ಯುತ್ತಿನ ದರ ಹೊತ್ತಿಗೊಂದು. ಆಗ ಸಂಜೆ 4ರಿಂದ ರಾತ್ರಿ 9ರವರೆಗೆ ಯೂನಿಟ್ಟಿಗೆ ಸುಮಾರು 60 ಸೆಂಟ್ ಇತ್ತು. ವಿದ್ಯುತ್ ಕಾರಿರುವವರ ಪ್ರತ್ಯೇಕ ಯೋಜನೆಗೆ ಸೇರಿಕೊಂಡರೆ ಮಧ್ಯರಾತ್ರಿಯಿಂದ ಮರುದಿನ ಮಧ್ಯಾಹ್ನ 3ರವರೆಗೆ ಸುಮಾರು 31 ಸೆಂಟ್ ಇತ್ತು. ಬ್ಯಾಟರಿ ಒಮ್ಮೆ ತುಂಬಲು ಆರೂವರೆ ಯೂನಿಟ್ ಬೇಕು. ಸಂಜೆ ತುಂಬಿಸಿದರೆ 3 ಡಾಲರ್ 90 ಸೆಂಟ್. ನಸುಕಿನಲ್ಲಿ ತುಂಬಿಸಿದರೆ 2 ಡಾಲರ್. ಅದೇ 25 ಮೈಲಿಯನ್ನು ಪೆಟ್ರೋಲಿನಲ್ಲಿ ಓಡಿಸಿದರೆ? ಕಾರು ಗ್ಯಾಲನ್ನಿಗೆ 54 ಮೈಲಿ ಕೊಡುತ್ತಿತ್ತು, ಗ್ಯಾಲನ್ನಿನ ಬೆಲೆ 4 ಡಾಲರ್ 90 ಸೆಂಟ್ ಇತ್ತು. ಆದ್ದರಿಂದ 2 ಡಾಲರ್ 27 ಸೆಂಟ್. ಗ್ಯಾಲನ್ನಿಗೆ 25 ಮೈಲಿ ಕೊಡುತ್ತಿದ್ದ ಹಳೆಯ ಕಾರಿಗೆ ಹೋಲಿಸಿದರೆ ಉಳಿತಾಯ ದೊಡ್ಡದೇ. ಆದರೆ ಆ ಉಳಿತಾಯ ಹೈಬ್ರಿಡ್ ಎಂಜಿನ್ನಿನದು, ಪ್ಲಗ್ಗಿನದಲ್ಲ. ಸಂಜೆ ಪ್ಲಗ್ ಹಾಕಿ ನಾವು ಪ್ರತಿ ದಿನ ಒಂದೂವರೆ ಡಾಲರಿಗೂ ಹೆಚ್ಚು ಕಳೆದುಕೊಂಡಿದ್ದೆವು. ಸರಿಯಾದ ಹೊತ್ತಿಗೆ ಹಾಕಿದ್ದರೆ ಗಳಿಸುತ್ತಿದ್ದುದು 25 ಸೆಂಟ್, ನಮ್ಮ ಲೆಕ್ಕದಲ್ಲಿ ಸುಮಾರು 21 ರೂಪಾಯಿ.

ಅಳಿಯ ಲೆಕ್ಕವನ್ನು ಎರಡು ಬಾರಿ ನೋಡಿದರು. ‘ಮಾವ, 25 ಸೆಂಟಿಗೆ ಯಾರು ದಿನಾ ಈ ಉಸಾಬರಿ ಪಡುತ್ತಾರೆ? ಮೊದಲಿನ ಮಾಲೀಕರೇ ಬುದ್ಧಿವಂತರು’ ಎಂದರು. ಕೆಲಸ ಕಳೆದುಕೊಂಡ ಮನುಷ್ಯನ ದನಿಯಲ್ಲಿ ತಮಾಷೆ ಇದ್ದರೂ ನೋವಿತ್ತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನ್ನ ಬಳಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ. ಬೆಲೆಯನ್ನು ನೋಡಿ ನಡೆದುಕೊಳ್ಳುವವನೇ ವಿವೇಕಿ ಎಂದು ನಾವೆಲ್ಲ ಓದಿದ್ದೆವಲ್ಲವೇ?

ಮೊದಲಿನ ಮಾಲೀಕರು ಒಂಟಿಯಲ್ಲ. ಬ್ರಿಟನ್ನಿನಲ್ಲಿ ಇಂತಹ ಕಾರುಗಳನ್ನು ಕಂಪನಿಗಳು ತೆರಿಗೆಯ ಆಸೆಗೆ ನೌಕರರಿಗೆ ಕೊಡಿಸಿ, ಅವಧಿ ಮುಗಿದು ಹಿಂದಿರುಗಿದಾಗ ಕೇಬಲ್ಲುಗಳು ಹೊದಿಕೆ ಬಿಚ್ಚದೆ ಡಿಕ್ಕಿಯಲ್ಲೇ ಉಳಿದಿದ್ದ ಸುದ್ದಿ 2018ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷ ಅಲ್ಲಿನ ಸರ್ಕಾರ ಹೊಸ ಪ್ಲಗ್-ಇನ್ ಹೈಬ್ರಿಡ್‌ಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ನಿಲ್ಲಿಸಿತು. ಯುರೋಪಿನ ಹೊಸ ಕಾರುಗಳಲ್ಲಿ ನಿಜವಾಗಿ ಸುಟ್ಟ ಇಂಧನವನ್ನು ದಾಖಲಿಸುವ ಸಾಧನವಿರಬೇಕೆಂಬ ನಿಯಮವಿದೆ. ಆ ದಾಖಲೆಗಳನ್ನು ಕಲೆಹಾಕಿ ಯುರೋಪಿಯನ್ ಆಯೋಗವು 2024ರ ಮಾರ್ಚ್‌ನಲ್ಲಿ ವರದಿ ಪ್ರಕಟಿಸಿತು. ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚಿತ್ತು. ಜನರು ಇಷ್ಟು ಬಾರಿ ತುಂಬಿಸಿಯಾರು ಎಂದು ನಿಯಮ ಬರೆದವರು ಊಹಿಸಿದ್ದರು. ಜನರು ಅಷ್ಟು ಬಾರಿ ತುಂಬಿಸಲಿಲ್ಲ. ಕಾರಣ ಮುಖ್ಯವಾಗಿ ಇಷ್ಟೇ.

ಆ ರಾತ್ರಿ ನನಗೆ ನೆನಪಾದದ್ದು ಕಾರಲ್ಲ, ಒಂದು ಒಲೆ. ತೊಂಬತ್ತರ ದಶಕದ ಆರಂಭದಲ್ಲಿ ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ಗ್ರಾಮೀಣಾಭಿವೃದ್ಧಿಯ ಹೊಣೆ ಹೊತ್ತಿದ್ದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಸೌದೆಯನ್ನು ಉಳಿಸುತ್ತಿತ್ತು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುತ್ತಿತ್ತು. ಗುರಿ ಮೀರಿ ಒಲೆ ಹಾಕಿಸಿ ಮೇಲಧಿಕಾರಿಗಳಿಂದ ಮೆಚ್ಚುಗೆಯ ಪತ್ರ ಪಡೆದೆ. ಎರಡು ವರ್ಷದ ನಂತರ ಅದೇ ಹಳ್ಳಿಯೊಂದಕ್ಕೆ ಬೇರೆ ಕೆಲಸಕ್ಕೆ ಹೋದಾಗ ಒಂದು ಮನೆಯಲ್ಲಿ ನೀರು ಕೇಳಿದೆ. ಅಡಿಗೆಮನೆಯಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು, ತೊಲೆಗಳು ಮಸಿ ಹಿಡಿದಿದ್ದವು. ನಮ್ಮ ಒಲೆಯ ಮೇಲೆ ಕಾಳಿನ ಡಬ್ಬಗಳನ್ನು ಜೋಡಿಸಿದ್ದರು. ಆ ಮನೆಯ ಅಜ್ಜಿ ಹೇಳಿದ್ದು ಇಷ್ಟೇ: ‘ಕೊಳವೆ ಕಟ್ಕೊಂಡೈತೆ ಸ್ವಾಮಿ. ಕೊಡೋಕ್ ಬಂದೋರು ತೊಳೆಯೋದು ಹೇಳ್ಕೊಡೋಕೆ ಬರ್ಲಿಲ್ಲ.’ ಒಲೆ ಕೆಟ್ಟದ್ದಾಗಿರಲಿಲ್ಲ. ತಪ್ಪು ಲೆಕ್ಕ ಬರೆದ ನನ್ನದು. ನಾನು ಒಲೆಗಳನ್ನು ಎಣಿಸಿದ್ದೆ, ಅವುಗಳಲ್ಲಿ ಬೆಂದ ಅಡಿಗೆಯನ್ನು ಎಣಿಸಿರಲಿಲ್ಲ. ಕಡತದಲ್ಲಿ ಆ ಒಲೆ ಇಂದಿಗೂ ಉರಿಯುತ್ತಿರಬೇಕು.

ಮರುದಿನ ಅಳಿಯನಿಗೆ ನನ್ನ ಉತ್ತರ ಹೇಳಿದೆ. ಒಂದು ಗ್ಯಾಲನ್ ಪೆಟ್ರೋಲ್ ಸುಟ್ಟರೆ ಸುಮಾರು 8.9 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 25 ಮೈಲಿಗೆ 4 ಕಿಲೋ. ಅದರ ಬೆಲೆ ನಮ್ಮ ಬಿಲ್ಲಿನಲ್ಲಿ ಇಲ್ಲ. ಬೇರೆ ಯಾರೋ ತೆರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹಗಲು ಸೌರವಿದ್ಯುತ್ತು ಎಷ್ಟೆಂದರೆ, ವಸಂತದ ದಿನಗಳಲ್ಲಿ ಕೊಳ್ಳುವವರಿಲ್ಲದೆ ಉತ್ಪಾದನೆಯನ್ನೇ ತಡೆಹಿಡಿಯುತ್ತಾರೆ. ಸೂರ್ಯ ಮುಳುಗಿದೊಡನೆ ಬೇಡಿಕೆ ಏರಿ, ಅನಿಲ ಸ್ಥಾವರಗಳು ಓಡಬೇಕಾಗುತ್ತದೆ. ಸಂಜೆ ಆರಕ್ಕೆ ಸಿಕ್ಕಿಸಿದ ಪ್ಲಗ್ಗು ಮತ್ತು ಬೆಳಿಗ್ಗೆ ಒಂಬತ್ತಕ್ಕೆ ಸಿಕ್ಕಿಸಿದ ಪ್ಲಗ್ಗು ಒಂದೇ ಅಲ್ಲ. 21 ರೂಪಾಯಿಗಾಗಿ ಅಲ್ಲದಿದ್ದರೆ ಇದಕ್ಕಾಗಿ ಹಾಕೋಣ ಎಂದೆ. ಅವರು ವಾದಿಸಲಿಲ್ಲ. ‘ಹಾಗಾದರೆ ಹಗಲಿನ ಡ್ಯೂಟಿ ನಿಮ್ಮದು ಮಾವ’ ಎಂದರು.

ಅಂದಿನಿಂದ ಮಗಳು ಕಚೇರಿಗೆ ಹೋಗುವ ಮೂರು ದಿನ ಕಾರು ಮಧ್ಯರಾತ್ರಿಯ ನಂತರ ತಾನಾಗಿ ತುಂಬಿಕೊಳ್ಳುವಂತೆ ಸಮಯ ನಿಗದಿಪಡಿಸಿದೆವು. ಉಳಿದ ದಿನ ಬೆಳಿಗ್ಗೆ ಕಾಫಿ ಮುಗಿಸಿ ಒಂಬತ್ತಕ್ಕೆ ನಾನೇ ಗ್ಯಾರೇಜಿಗೆ ಹೋಗುತ್ತಿದ್ದೆ. ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ ಐದೂವರೆ ಗಂಟೆ ಬೇಕು, ಎರಡೂವರೆಗೆ ತುಂಬುತ್ತಿತ್ತು. ಭಾನುವಾರಗಳಂದು ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೊರಟರೆ ಹೋಗುವಾಗ ಬಹುಪಾಲು ವಿದ್ಯುತ್ತಿನಲ್ಲೇ ಸಾಗುತ್ತಿದ್ದೆವು. ಕೊನೆಯ ಕೆಲವು ಮೈಲಿಗಳಲ್ಲಿ ಎಂಜಿನ್ನು ಸದ್ದು ಮಾಡಿದರೆ ಮೊಮ್ಮಗಳು ‘ತಾತ, ನೀವು ಸರಿಯಾಗಿ ತುಂಬಿಸಿಲ್ಲ’ ಎಂದು ಆಕ್ಷೇಪಿಸುತ್ತಿದ್ದಳು. ಹೆದ್ದಾರಿಯ ವೇಗಕ್ಕೆ ಮತ್ತು ಏರಿಗೆ ಬ್ಯಾಟರಿ ಬೇಗ ಬರಿದಾಗುತ್ತದೆ ಎಂದು ತಿಳಿಸಿದರೂ ಅವಳು ಒಪ್ಪುತ್ತಿರಲಿಲ್ಲ.

ನಮ್ಮ ದೇಶಕ್ಕೆ ಇದರಿಂದ ಏನು ಪಾಠ? ಪ್ಲಗ್-ಇನ್ ಹೈಬ್ರಿಡ್‌ಗಳು ಇಲ್ಲಿ ಐಷಾರಾಮಿ ಕಾರುಗಳಾಚೆಗೆ ಬಂದಿಲ್ಲ. ಆದರೆ ಎಣಿಕೆಯ ತಪ್ಪನ್ನು ನಾವೂ ಮಾಡಿದ್ದೇವೆ. 2015ರಲ್ಲಿ ಆರಂಭವಾದ ಕೇಂದ್ರದ ‘ಫೇಮ್’ ಯೋಜನೆ, ವಿದ್ಯುತ್ತಿನ ಬಲದಿಂದಲೇ ಓಡಲಾರದ ‘ಮೈಲ್ಡ್ ಹೈಬ್ರಿಡ್’ ಕಾರುಗಳಿಗೂ ಸಹಾಯಧನ ಕೊಟ್ಟು, 2017ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆ ವರ್ಷವೇ ವಿದ್ಯುತ್ ವಾಹನ ನೀತಿಯನ್ನು ರೂಪಿಸಿದ ಮೊದಲ ರಾಜ್ಯ ಎಂಬ ಹೆಗ್ಗಳಿಕೆ ಕರ್ನಾಟಕದ್ದಾಯಿತು. ಪಾವಗಡದಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಸ್ಥಾವರವಿದೆ. ಬಿಸಿಲು ನಮ್ಮಲ್ಲೂ ಹಗಲಿನಲ್ಲೇ ಬರುತ್ತದೆ, ಬೆಂಗಳೂರಿನ ಜನ ಸಂಜೆಯೇ ಮನೆ ಸೇರುತ್ತಾರೆ. ಸೌರ ವೇಳೆಯ ವಿದ್ಯುತ್ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20ರಷ್ಟು ಕಡಿಮೆ ಇರಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ಮಾಡಿದೆ. ಆ ನಿಯಮಕ್ಕೆ ಅರ್ಥ ಬರಬೇಕಾದರೆ ಹಗಲು ವಾಹನ ನಿಲ್ಲುವ ಕಚೇರಿ, ಕಾರ್ಖಾನೆ, ಕಾಲೇಜುಗಳ ಅಂಗಳದಲ್ಲಿ ಪ್ಲಗ್ಗು ಇರಬೇಕು. ಎಷ್ಟು ವಾಹನ ನೋಂದಣಿಯಾಯಿತು ಎಂಬ ಅಂಕಿಯೊಂದಿಗೆ ಅವು ಯಾವ ಹೊತ್ತಿನಲ್ಲಿ, ಯಾವ ವಿದ್ಯುತ್ತಿನಲ್ಲಿ ಓಡಿದವು ಎಂಬ ಅಂಕಿಯನ್ನೂ ಸರ್ಕಾರ ಪ್ರಕಟಿಸಬೇಕು. ಸಹಾಯಧನದ ಒಂದು ಭಾಗವಾದರೂ ಕೊಂಡ ದಿನಕ್ಕಲ್ಲ, ಬಳಸಿದ ದಿನಗಳಿಗೆ ಸಲ್ಲಬೇಕು.

2025ರ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ಬಳಸಿದ ಕಾರುಗಳ ತೆರಿಗೆ ವಿನಾಯಿತಿ ಕೊನೆಗೊಂಡಿತು. ಕ್ಯಾಲಿಫೋರ್ನಿಯಾದ ಬಣ್ಣದ ಚೀಟಿಗಳೂ ಅದೇ ದಿನ ಬೆಲೆ ಕಳೆದುಕೊಂಡವು. ಆಮಿಷಗಳೆಲ್ಲ ತೀರಿದ ಮೇಲೆ ನಮ್ಮ ಕಾರಿನ ಗತಿಯೇನು ಎಂದು ಫೋನಿನಲ್ಲಿ ವಿಚಾರಿಸಿದೆ. ಅಳಿಯನಿಗೆ ಈಗ ಮತ್ತೆ ಕೆಲಸ ಸಿಕ್ಕಿದೆ. ಅವರ ಕಚೇರಿಯ ಅಂಗಳದಲ್ಲಿ ಹಗಲು ತುಂಬಿಸುವ ಅನುಕೂಲವೂ ಇದೆ. ‘ಕಾರು ಚೆನ್ನಾಗಿದೆ ಮಾವ. ಆದರೆ ಆ ಕೇಬಲ್ಲು ಹಳತಾಯಿತು, ಹಿಡಿಯೆಲ್ಲ ಸವೆದಿದೆ, ಹೊಸದು ತರಬೇಕು’ ಎಂದರು. ನೌಕರಿಯಲ್ಲಿದ್ದಾಗ ಪಡೆದ ಯಾವ ಮೆಚ್ಚುಗೆಯ ಪತ್ರಕ್ಕಿಂತಲೂ ಆ ಮಾತು ನನಗೆ ಹೆಚ್ಚು ಸಮಾಧಾನ ತಂದಿತು.